ಹೊಸಬರ ಕೈಗೆ ಮೊದಲು ಕೆಲಸ, ಆಮೇಲೆ ಸಂಸ್ಥೆಯ ಹೆಸರು: ಇಂಟರ್ನೆಟ್ ಗವರ್ನೆನ್ಸ್‌ಗೆ ಜನರನ್ನು ಕರೆತರುವವರಿಗೊಂದು ಮಾರ್ಗದರ್ಶಿ

ಹುಬ್ಬಳ್ಳಿಯ ಸಣ್ಣ ಐಎಸ್‌ಪಿಯೊಂದರಲ್ಲಿ (ಮನೆಗಳಿಗೆ ಇಂಟರ್ನೆಟ್ ಕೊಡುವ ಕಂಪನಿ) ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗಿಯೊಬ್ಬಳನ್ನು ಕೆಲವು ವರ್ಷಗಳ ಹಿಂದೆ ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಒಂದು ವರ್ಕಿಂಗ್ ಗ್ರೂಪ್ ಸಭೆಗೆ ಕರೆದುಕೊಂಡು ಹೋಗಿದ್ದೆ. ಕರೆದುಕೊಂಡು ಹೋಗಿದ್ದೆ ಅಂದರೆ ಜೂಮ್ ಲಿಂಕ್ ಕಳಿಸಿದ್ದೆ, ಅಷ್ಟೇ. 90 ನಿಮಿಷವೂ ಅವಳ ಹೆಸರಿನ ಪಕ್ಕದ ಮೈಕು ಕೆಂಪಗೇ ಇತ್ತು. ಮುಗಿದ ಮೇಲೆ ಫೋನ್ ಮಾಡಿ "ಅರ್ಥ ಆಯ್ತೇನಮ್ಮಾ?" ಅಂದೆ. "ತಿಳೀತ್ರಿ ಸರ್" ಅಂದಳು. ಆ ದನಿಯಲ್ಲೇ ಗೊತ್ತಾಯಿತು, ಏನೂ ತಿಳಿದಿಲ್ಲ ಅಂತ.

ಎರಡು ದಿನ ಬಿಟ್ಟು ಅವಳ ನೋಟ್‌ಬುಕ್ಕಿನ ಒಂದು ಪುಟದ ಫೋಟೊ ಬಂತು. ಸಭೆಯಲ್ಲಿ ಕಿವಿಗೆ ಬಿದ್ದ ಸಂಕ್ಷಿಪ್ತ ಹೆಸರುಗಳನ್ನೆಲ್ಲ ಒಂದರ ಕೆಳಗೊಂದು ಬರೆದಿದ್ದಳು. ಒಟ್ಟು 41. ಕೊನೆಗೊಂದು ಪ್ರಶ್ನೆ: "ಇವುಗಳೊಳಗ ನನಗ ಸಂಬಂಧಪಟ್ಟಿದ್ದು ಯಾವುದ್ರಿ?"

ನಾನು ತಬ್ಬಿಬ್ಬಾದೆ. ನನಗೆ ಐಕ್ಯಾನ್ ಪರಿಚಯ ಇತ್ತು, ಅದಕ್ಕೇ ಅವಳನ್ನೂ ಅಲ್ಲಿಗೆ ಎಳೆದೊಯ್ದಿದ್ದೆ. ಅವಳ ದಿನದ ಕೆಲಸಕ್ಕೂ ಆ ಸಭೆಗೂ ಯಾವ ನಂಟೂ ಇರಲಿಲ್ಲ. ಆಮೇಲೆ ಹತ್ತಾರು ಜನರನ್ನು ಈ ದಾರಿಗೆ, ಅಂದರೆ ಇಂಟರ್ನೆಟ್‌ನ ನಿಯಮಗಳನ್ನು ರೂಪಿಸುವ ಇಂಟರ್ನೆಟ್ ಗವರ್ನೆನ್ಸ್‌ಗೆ, ಹಚ್ಚಿದ್ದೇನೆ. ಅರ್ಧದಷ್ಟು ಜನ ಉಳಿದಿದ್ದಾರೆ, ಅರ್ಧ ಬಿಟ್ಟಿದ್ದಾರೆ. ಉಳಿದವರೆಲ್ಲರಿಗೂ ಮೊದಲ ಎರಡು ತಿಂಗಳೊಳಗೆ ಕೈಯಲ್ಲಿ ಒಂದು ಸಣ್ಣ ಕೆಲಸ ಇತ್ತು. ಬಿಟ್ಟುಹೋದವರಲ್ಲಿ ಹೆಚ್ಚಿನವರಿಗೆ ನಾನು ಕೊಟ್ಟಿದ್ದು ಬರೀ ಪರಿಚಯ, ಪಟ್ಟಿ ಮತ್ತು ಪಿಡಿಎಫ್. ಮೂರ್ನಾಲ್ಕು ವರ್ಷ ಈ ಸಮುದಾಯಗಳಲ್ಲಿದ್ದು, ಈಗ ಇನ್ನೊಬ್ಬರ ಕೈಹಿಡಿಯಲು ಹೊರಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಭೇಟಿ: ಅವರ ತಲೆನೋವು ಏನು, ಕೇಳಿ

ಮೊದಲ ದಿನ ಯಾವ ಸಂಸ್ಥೆಯ ಹೆಸರನ್ನೂ ಎತ್ತಬೇಡಿ. ಒಂದು ಕಾಫಿ ಮುಗಿಯುವಷ್ಟು ಹೊತ್ತು ಅವರ ಕೆಲಸದ ಬಗ್ಗೆ ಕೇಳಿ. ಯಾವುದು ಸಿಟ್ಟು ತರಿಸುತ್ತದೆ, ಯಾವುದಕ್ಕೆ ಬಾಸ್ "ಅದು ಹಾಗೇ, ನಮ್ಮ ಕೈಲಿಲ್ಲ" ಅನ್ನುತ್ತಾರೆ, ಅದನ್ನು ಕೇಳಿಸಿಕೊಳ್ಳಿ. "ನಮ್ಮ ಕೈಲಿಲ್ಲ" ಅನ್ನುವ ಸಂಗತಿಗಳಲ್ಲಿ ಬಹಳಷ್ಟನ್ನು ಯಾವುದೋ ಒಂದು ಸಭೆಯಲ್ಲಿ, ಯಾರೋ ಇಪ್ಪತ್ತು ಮೂವತ್ತು ಜನ ಕೂತು ನಿರ್ಧರಿಸಿರುತ್ತಾರೆ. ಆ ಸಭೆ ಯಾವುದು ಅಂತ ಹುಡುಕಿಕೊಡುವುದೇ ನಿಮ್ಮ ಮೊದಲ ಕೆಲಸ.

ಐಪಿ ವಿಳಾಸ (ನೆಟ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಬೇಕಾದ ಸಂಖ್ಯೆ) ಸಾಲುತ್ತಿಲ್ಲ, ರೂಟಿಂಗ್ (ಡೇಟಾ ಸಾಗುವ ದಾರಿ) ಗೋಳು ಅನ್ನುವವರ ಜಾಗ ಎಪಿನಿಕ್. ಇದು ಬ್ರಿಸ್ಬೇನ್‌ನಲ್ಲಿದೆ, ಏಷ್ಯಾ ಪೆಸಿಫಿಕ್ ಭಾಗಕ್ಕೆ ಐಪಿ ವಿಳಾಸ ಹಂಚುತ್ತದೆ. ಪ್ರಪಂಚದಲ್ಲಿ ಇಂಥ ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿವೆ. ನಮ್ಮ ದೇಶದೊಳಗೆ ಇದೇ ಕೆಲಸ ಮಾಡುವುದು ನಿಕ್ಸಿ ಎಂಬ ಸಂಸ್ಥೆ ನಡೆಸುವ ಐರಿನ್. ವಿಳಾಸ ಹಂಚಿಕೆಯ ನಿಯಮ ಬದಲಿಸಬೇಕೆಂದು ಯಾರು ಬೇಕಾದರೂ ಎಪಿನಿಕ್‌ನಲ್ಲಿ ಪ್ರಸ್ತಾಪ ಇಡಬಹುದು, ಸದಸ್ಯರೇ ಆಗಿರಬೇಕೆಂದಿಲ್ಲ. ಇದನ್ನು ಹೇಳಿದಾಗ ಹೊಸಬರ ಕಣ್ಣು ಅರಳುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಪ್ರೋಟೊಕಾಲ್ (ಕಂಪ್ಯೂಟರುಗಳು ಪರಸ್ಪರ ಮಾತಾಡುವ ನಿಯಮ) ಬರೆಯುವ, ಕೋಡ್ ಮುಟ್ಟುವ ಕೈಗಳಿಗೆ ಇಂಟರ್ನೆಟ್‌ನ ತಾಂತ್ರಿಕ ಮಾನಕ ರೂಪಿಸುವ ಐಇಟಿಎಫ್. 1986ರಲ್ಲಿ 21 ಜನರಿಂದ ಶುರುವಾಗಿದ್ದು. ಸದಸ್ಯತ್ವ ಅನ್ನುವುದೇ ಇಲ್ಲ, ಓಟೂ ಇಲ್ಲ. ಡೊಮೇನ್ ಹೆಸರು, ಲಿಪಿ, ಟ್ರೇಡ್‌ಮಾರ್ಕ್ ತಕರಾರು, ಡೊಮೇನ್ ಕೊಂಡವರ ಖಾಸಗಿ ಮಾಹಿತಿ ಅನ್ನುವವರಿಗೆ ಐಕ್ಯಾನ್. ಅದರೊಳಗೂ ಬೇರೆ ಬೇರೆ ಕೋಣೆಗಳಿವೆ: ಸರ್ಕಾರಗಳು ಒಂದು ಕಡೆ, ರಿಜಿಸ್ಟ್ರಿ (ಡಾಟ್‌ನ ಬಲಗಡೆಯ ಹೆಸರನ್ನು ನಡೆಸುವ ಸಂಸ್ಥೆ) ವ್ಯಾಪಾರದವರು ಒಂದು ಕಡೆ, ನಮ್ಮ ನಿಮ್ಮಂಥ ಬಳಕೆದಾರರ ಪರ ಮಾತಾಡುವ ಆ್ಯಟ್-ಲಾರ್ಜ್ ಇನ್ನೊಂದು ಕಡೆ.

ಕಾನೂನು, ಹಕ್ಕು, ಪತ್ರಿಕೋದ್ಯಮ, ಶಿಕ್ಷಣದ ಕಡೆಯವರಿಗೆ ವಿಶ್ವಸಂಸ್ಥೆಯ ಐಜಿಎಫ್ (ಇಂಟರ್ನೆಟ್ ಗವರ್ನೆನ್ಸ್ ಫೋರಂ) ಸುಲಭದ ಬಾಗಿಲು. 2005ರ ಟ್ಯೂನಿಸ್ ಶೃಂಗಸಭೆಯ ಕೂಸು ಅದು. ಮೊದಲ ಸಭೆ 2006ರಲ್ಲಿ ಅಥೆನ್ಸ್‌ನಲ್ಲಿ, ಮೂರನೆಯದು 2008ರ ಡಿಸೆಂಬರಿನಲ್ಲಿ ನಮ್ಮ ಹೈದರಾಬಾದಿನಲ್ಲಿ ನಡೆಯಿತು. ಅಲ್ಲಿ ಯಾವ ನಿರ್ಧಾರವನ್ನೂ ತೆಗೆದುಕೊಳ್ಳುವುದಿಲ್ಲ, ಇದನ್ನು ಹೊಸಬರಿಗೆ ಮೊದಲೇ ಹೇಳಿಬಿಡಿ. ಅದೊಂದು ಜಾತ್ರೆ. ಜಾತ್ರೆಯಲ್ಲಿ ಸಂಬಂಧ ಕುದುರುತ್ತದೆ, ಮದುವೆ ಬೇರೆ ಕಡೆ ಆಗುತ್ತದೆ.

ಇನ್ನು ದೇಶದೊಳಗಿನ ನಿಯಮವೇ ತಲೆನೋವಾದರೆ ಹೊರದೇಶದ ಸಭೆಗಳ ಗೊಡವೆಯೇ ಬೇಡ. ದೂರಸಂಪರ್ಕ ನಿಯಂತ್ರಕ ಟ್ರಾಯ್ ಹೊರಡಿಸುವ ಸಮಾಲೋಚನಾ ಪತ್ರಕ್ಕೆ ಉತ್ತರ ಬರೆಯುವುದರಿಂದ ಶುರುಮಾಡಿಸಿ. 2015ರ ನೆಟ್ ನ್ಯೂಟ್ರಾಲಿಟಿ (ಎಲ್ಲ ಸೈಟುಗಳಿಗೂ ಒಂದೇ ನ್ಯಾಯ ಅನ್ನುವ ತತ್ವ) ಗಲಾಟೆಯಲ್ಲಿ ಟ್ರಾಯ್‌ಗೆ 10 ಲಕ್ಷಕ್ಕೂ ಹೆಚ್ಚು ಇಮೇಲ್ ಹೋಗಿದ್ದವು. 2016ರ ಫೆಬ್ರವರಿಯಲ್ಲಿ ಡೇಟಾಗೆ ಭೇದಭಾವದ ದರ ಹಾಕುವಂತಿಲ್ಲ ಎಂಬ ನಿಯಮ ಬಂತು. ಆಗ ಇಮೇಲ್ ಕಳಿಸಿದವರ ಹೆಸರು, ಇಮೇಲ್ ವಿಳಾಸಗಳೆಲ್ಲ ಟ್ರಾಯ್ ವೆಬ್‌ಸೈಟಿನಲ್ಲಿ ಬಹಿರಂಗವಾಗಿದ್ದವು ಅನ್ನುವುದನ್ನೂ ಹೇಳಿ. ಇಂಥ ಕೆಲಸಕ್ಕೆಂದೇ ಪ್ರತ್ಯೇಕ ಇಮೇಲ್ ಐಡಿ ಮಾಡಿಸಿಕೊಡುವುದು ಒಳ್ಳೆಯದು. ಮನೆಯ ಬ್ಯಾಂಕು, ಎಲ್‌ಐಸಿ ಎಲ್ಲಕ್ಕೂ ಬಳಸುವ ಐಡಿಯಿಂದ ಸಾರ್ವಜನಿಕ ಚರ್ಚೆಗೆ ಇಳಿಯಬಾರದು.

ಯಾವುದೋ ಒಂದನ್ನು ಆರಿಸಿ. ಎರಡನ್ನು ಒಟ್ಟಿಗೆ ಹಿಡಿಸಿದ ಎಲ್ಲ ಸಲವೂ ಎರಡೂ ಕೈತಪ್ಪಿವೆ.

ಮೊದಲ ತಿಂಗಳು: ಒಂದೇ ಒಂದು ಜಗಳ ಓದಿಸಿ

ಹೊಸಬರಿಗೆ ಕೋರ್ಸುಗಳ ಪಟ್ಟಿ ಕೊಡುವುದು ಬಹಳ ಸುಲಭ. ಐಕ್ಯಾನ್ ಲರ್ನ್ ಇದೆ, ಎಪಿನಿಕ್ ಅಕಾಡೆಮಿ ಇದೆ, ಎರಡೂ ಉಚಿತ, ಎರಡೂ ಚೆನ್ನಾಗಿವೆ. ಆದರೆ ಮೊದಲ ತಿಂಗಳು ಅವುಗಳನ್ನು ಪಕ್ಕಕ್ಕಿಟ್ಟು ಮುಗಿದುಹೋದ ಒಂದು ಜಗಳವನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿ. ಸಂಸ್ಥೆಯ ರಚನೆ ಜಗಳದಲ್ಲಿ ಗೊತ್ತಾಗುವಷ್ಟು ಚೆನ್ನಾಗಿ ಯಾವ ಚಿತ್ರಪಟದಲ್ಲೂ ಗೊತ್ತಾಗುವುದಿಲ್ಲ.

ನಾನು ಐಎಸ್‌ಪಿಯವರಿಗೆ ಕೊಡುವುದು ಎಪಿನಿಕ್‌ನ ಕೊನೆಯ ದಾಸ್ತಾನಿನ ಕಥೆ. 2011ರ ಏಪ್ರಿಲಿನಲ್ಲಿ ಐಪಿವಿ4 ಎಂಬ ಹಳೆಯ ಮಾದರಿಯ ಐಪಿ ವಿಳಾಸಗಳು ಮುಗಿಯುತ್ತ ಬಂದು, ಉಳಿದ ಕೊನೆಯ ಕಂತನ್ನು ರೇಷನ್ ಅಂಗಡಿಯ ಹಾಗೆ ಅಳೆದು ಕೊಡುವ ನಿಯಮ ಜಾರಿಗೆ ಬಂತು. ಆ ಕಂತಿನಿಂದ ಒಬ್ಬ ಸದಸ್ಯನಿಗೆ ಹೆಚ್ಚೆಂದರೆ 1,024 ವಿಳಾಸ. 2019ರಲ್ಲಿ ಅದನ್ನೂ 512ಕ್ಕೆ ಇಳಿಸಿದರು. ಮುಂದೆ ಬರುವವರಿಗೂ ಒಂದಿಷ್ಟು ಉಳಿಯಲಿ ಅನ್ನುವುದು ವಾದ. ಹುಬ್ಬಳ್ಳಿಯ ಹುಡುಗಿಗೆ ಇದನ್ನು ಓದಲು ಹೇಳಿದಾಗ ಅವಳು ತಟ್ಟನೆ ಎದ್ದು ಕೂತಳು. ಅವಳ ಕಂಪನಿ 512 ವಿಳಾಸ ಇಟ್ಟುಕೊಂಡು ಸಾವಿರಾರು ಮನೆಗಳಿಗೆ ನ್ಯಾಟ್ ಹಾಕಿ (ಒಂದೇ ವಿಳಾಸವನ್ನು ಹಲವರಿಗೆ ಹಂಚಿ) ಒದ್ದಾಡುತ್ತಿತ್ತು. "ಇದನ್ನ ಯಾರೋ ಕುಂತು ಮಾತಾಡಿ ಮಾಡ್ಯಾರ? ನಾನು ಸರ್ಕಾರದ್ದು ಅಂತ ತಿಳ್ಕೊಂಡಿದ್ದೆ!"

ಓದಿದ ಮೇಲೆ ಒಂದು ಪುಟದ ಸಾರಾಂಶ ಬರೆಸಿ, ಕನ್ನಡದಲ್ಲಿ. ಇದು ಭಾಷಾಭಿಮಾನದ ಮಾತೆಂದು ತಿಳಿಯಬೇಡಿ. ಇಂಗ್ಲಿಷಿನಲ್ಲಿ ಬರೆದರೆ ಅರ್ಥವಾಗದ ಪದಗಳನ್ನು ಇದ್ದ ಹಾಗೇ ನಕಲು ಮಾಡಿ ದಾಟಿಬಿಡಬಹುದು. ಕನ್ನಡದಲ್ಲಿ ಬರೆಯುವಾಗ ಅರ್ಥವಾಗದಿದ್ದರೆ ಪೆನ್ನು ಅಲ್ಲೇ ನಿಲ್ಲುತ್ತದೆ. ಎಲ್ಲಿ ನಿಂತಿತೋ ಅಲ್ಲಿಂದ ನಿಮ್ಮ ಪಾಠ ಶುರು. ಜೊತೆಗೆ ಮೂರು ಪ್ರಶ್ನೆ ಕೇಳಿ: ಈ ನಿರ್ಧಾರದಿಂದ ಯಾರಿಗೆ ಲಾಭವಾಯಿತು? ವಿರೋಧಿಸಿದವರು ಏನು ಹೇಳಿದರು? ಆ ಚರ್ಚೆಯಲ್ಲಿ ಯಾರ ದನಿ ಇರಲೇ ಇಲ್ಲ? ಮೂರನೆಯ ಪ್ರಶ್ನೆಗೆ ಸಿಗುವ ಉತ್ತರ ಬಹಳ ಸಲ "ನಮ್ಮಂಥೋರದ್ದು" ಎಂದೇ ಇರುತ್ತದೆ. ಯಾಕೆ ಬರಬೇಕು ಅನ್ನುವ ಭಾಷಣ ಆಮೇಲೆ ಬೇಕಾಗುವುದಿಲ್ಲ.

ಎರಡನೇ ತಿಂಗಳು: ಕೈಯಲ್ಲೇ ಮಾಡುವ ಕೆಲಸ

ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಕನ್ನಡದವರ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಸಿಕ್ಕಿಲ್ಲ. ನೆಟ್‌ವರ್ಕ್ ಗೊತ್ತಿಲ್ಲದ ಮೇಷ್ಟರು, ಕಾನೂನು ಓದುವವರು, ಭಾಷಾವಿಜ್ಞಾನದವರು ಎಲ್ಲರೂ ಮಾಡಬಹುದು.

ಲ್ಯಾಪ್‌ಟಾಪ್ ಮುಂದೆ ಪಕ್ಕಪಕ್ಕ ಕೂತುಕೊಳ್ಳಿ. "ಸಾಫ್ಟ್‌ವೇರ್" ಅಂತ ಟೈಪ್ ಮಾಡಿಸಿ. ಆಮೇಲೆ "ಸಾಫ್ಟ್ವೇರ್" ಅಂತ ಮಾಡಿಸಿ. ಮೊದಲನೆಯದರಲ್ಲಿ "ಟ್" ಮತ್ತು "ವೇ" ಬೇರೆಯಾಗಿ ನಿಂತಿವೆ, ಎರಡನೆಯದರಲ್ಲಿ "ವ" ಒತ್ತಾಗಿ ಕೆಳಗೆ ಹೋಗಿದೆ. ವ್ಯತ್ಯಾಸ ಮಾಡುತ್ತಿರುವುದು ಮಧ್ಯೆ ಕೂತಿರುವ, ಕಣ್ಣಿಗೆ ಕಾಣದ ಒಂದು ಅಕ್ಷರ. ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ಬ್ಯಾಕ್‌ಸ್ಪೇಸ್ ಒತ್ತುತ್ತ ಹೋದಾಗ ಏನೂ ಅಳಿಸದೆ ಒಂದು ಸಲ ಒತ್ತಿದಂತೆ ಅನ್ನಿಸುತ್ತದಲ್ಲ, ಅದೇ ಅದು. ನಾವು ದಿನಾ ಬಳಸುತ್ತೇವೆ, ಇದೆ ಅಂತಲೇ ಗೊತ್ತಿರುವುದಿಲ್ಲ.

ಈಗ ಕೇಳಿ: ಈ ಪದವನ್ನು ಡೊಮೇನ್ ಹೆಸರಾಗಿ ಕೊಡಬಹುದೇ? ಡಾಟ್‌ನ ಬಲಗಡೆಗೆ, ಅಂದರೆ ಎಲ್ಲ ಡೊಮೇನ್‌ಗಳ ತುದಿಯ ಪಟ್ಟಿಯಾದ ರೂಟ್ ಝೋನ್‌ನಲ್ಲಿ, ಕಾಣದ ಈ ಅಕ್ಷರಕ್ಕೆ ಜಾಗವಿಲ್ಲ. ಕಣ್ಣಿಗೆ ಕಾಣದ್ದನ್ನು ಇಟ್ಟುಕೊಂಡು ಒಂದೇ ಥರ ಕಾಣುವ ಎರಡು ಹೆಸರು ಹುಟ್ಟಿಸಿ ಜನರನ್ನು ಮೋಸಮಾಡಬಹುದು ಅನ್ನುವ ಭಯ. ಎಡಗಡೆಯ ಹೆಸರಿಗೆ ಮಾನಕ ಅದನ್ನು ಷರತ್ತಿನ ಮೇಲೆ ಬಿಡುತ್ತದೆ: ವ್ಯಂಜನದ ಸ್ವರ ತೆಗೆಯುವ ಹಲಂತ ಚಿಹ್ನೆಯ (್) ಬೆನ್ನಿಗೇ ಬಂದರೆ ಸರಿ. ಆದರೆ ಕೊಡುವುದು ಬಿಡುವುದು ಆಯಾ ರಿಜಿಸ್ಟ್ರಿಗೆ ಬಿಟ್ಟಿದ್ದು. ಹೊಸಬರು ಇಲ್ಲಿಗೆ ಬರುವಷ್ಟರಲ್ಲಿ ತಾಂತ್ರಿಕ ಮಾನಕ ಐಇಟಿಎಫ್‌ನದು, ರೂಟ್‌ನ ನಿಯಮ ಐಕ್ಯಾನ್‌ನದು, ಅಂಗಡಿಯ ಬಾಗಿಲಿನ ನಿಯಮ ರಿಜಿಸ್ಟ್ರಿಯದು ಅನ್ನುವುದು ತಾನಾಗಿ ಬಿಡಿಸಿಕೊಂಡಿರುತ್ತದೆ. ನೀವು ಒಂದು ಸ್ಲೈಡೂ ತೋರಿಸಿರುವುದಿಲ್ಲ.

ಎರಡನೇ ಆಟ ಇನ್ನೂ ಮಜಾ. "ರಂಗ" ಅಂತ ಕನ್ನಡದಲ್ಲಿ ಬರೆಯಿಸಿ, ಪಕ್ಕದಲ್ಲಿ ತೆಲುಗು ಕೀಬೋರ್ಡಿನಲ್ಲಿ ಅದನ್ನೇ ಬರೆಯಿಸಿ. ನೋಡಲು ಹೆಚ್ಚುಕಡಿಮೆ ಒಂದೇ. ರ, ಗ, ಸೊನ್ನೆ ಮೂರೂ ಎರಡು ಲಿಪಿಯಲ್ಲೂ ಅಣ್ಣತಮ್ಮಂದಿರ ಹಾಗೆ. ಆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ: ಯುನಿಕೋಡಿನಲ್ಲಿ ತೆಲುಗಿಗೆ 128 ಮನೆಗಳ ಒಂದು ಬೀದಿ, ಅದು ಮುಗಿದ ಕೂಡಲೇ ಕನ್ನಡದ 128 ಮನೆಗಳ ಬೀದಿ. ಹಾಗಾದರೆ ಒಬ್ಬರು ಕನ್ನಡದಲ್ಲಿ ಹೆಸರು ಕೊಂಡ ಮೇಲೆ ಇನ್ನೊಬ್ಬರು ತೆಲುಗಿನಲ್ಲಿ ಅದೇ ರೂಪ ಕೊಂಡರೆ? ಇದನ್ನೇ ಕೂತು ಬಿಡಿಸಲು ನಮ್ಮ ಕಡೆಯ ಭಾಷಾತಜ್ಞರು, ಎಂಜಿನಿಯರುಗಳು ಸೇರಿದ ನಿಯೋ-ಬ್ರಾಹ್ಮಿ ಜನರೇಶನ್ ಪ್ಯಾನೆಲ್ ಎಂಬ ಗುಂಪು ಐಕ್ಯಾನ್‌ಗಾಗಿ ಒಂಬತ್ತು ಲಿಪಿಗಳ ನಿಯಮ ಬರೆಯಿತು. ಕನ್ನಡದ ಪ್ರಸ್ತಾವ 2019ರಲ್ಲಿ ಸಿದ್ಧವಾಯಿತು. ಅದರಲ್ಲಿ ಕನ್ನಡ ಮತ್ತು ತೆಲುಗಿನ ಒಂದೇ ಥರದ ಅಕ್ಷರಗಳ ಪಟ್ಟಿ ಇದೆ. ಆ ಪಟ್ಟಿಯನ್ನು ಹೊಸಬರ ಮುಂದಿಟ್ಟು, "ಇದರಲ್ಲಿ ನೀನು ಒಪ್ಪದ ಅಕ್ಷರ ಜೋಡಿ ಯಾವುದು?" ಅಂತ ಕೇಳಿ ನೋಡಿ. ಬಳ್ಳಾರಿ, ರಾಯಚೂರು ಕಡೆಯವರು ಎರಡೂ ಲಿಪಿ ಓದುತ್ತ ಬೆಳೆದಿರುತ್ತಾರೆ. ಲಾಸ್ ಏಂಜಲೀಸ್‌ನಲ್ಲಿ ಕೂತ ಪರಿಣತರಿಗಿಂತ ಚೆನ್ನಾಗಿ ಉತ್ತರಿಸುತ್ತಾರೆ.

ಮೂರನೆಯದು ಕಾಲಿಗೆ ಕೆಲಸ. ಕನ್ನಡದ ಡಾಟ್ ಭಾರತ ಡೊಮೇನ್ ಇದೆ, ಕನ್ನಡ ಲಿಪಿಯ ಇಮೇಲ್ ವಿಳಾಸಕ್ಕೆ ಬೇಕಾದ ಮಾನಕ 2012ರಿಂದ ಇದೆ. ಹಾಗಿದ್ದರೂ ಕನ್ನಡ ಇಮೇಲ್ ವಿಳಾಸವನ್ನು ಯಾವುದಾದರೂ ಫಾರ್ಮಿನಲ್ಲಿ ಹಾಕಿದರೆ "ಸರಿಯಾದ ಇಮೇಲ್ ನಮೂದಿಸಿ" ಅಂತ ಕೆಂಪಕ್ಷರ ಬರುತ್ತದೆ. ಹೊಸಬರಿಂದ ಹತ್ತು ವೆಬ್‌ಸೈಟಿನಲ್ಲಿ ಪ್ರಯತ್ನ ಮಾಡಿಸಿ, ಸ್ಕ್ರೀನ್‌ಶಾಟ್ ತೆಗೆಸಿ, ಆಯಾ ಸೈಟಿನವರಿಗೆ ದೂರು ಬರೆಸಿ. ಇದಕ್ಕೆ ಯೂನಿವರ್ಸಲ್ ಅಕ್ಸೆಪ್ಟೆನ್ಸ್ ಅಂತ ಹೆಸರು. 2015ರಲ್ಲಿ ಇದಕ್ಕೆಂದೇ ಒಂದು ಅಂತರರಾಷ್ಟ್ರೀಯ ಗುಂಪು ಹುಟ್ಟಿತು. ಆ ಗುಂಪಿನ ಹೆಸರನ್ನು ಹತ್ತು ಸ್ಕ್ರೀನ್‌ಶಾಟ್ ಆದ ಮೇಲೆ ಹೇಳಿ. ಕೈಯಲ್ಲಿ ಹತ್ತು ಸಾಕ್ಷಿ ಇಟ್ಟುಕೊಂಡು ಸಭೆಗೆ ಹೋಗುವವರು ಪ್ರೇಕ್ಷಕರಾಗಿ ಹೋಗುವುದಿಲ್ಲ.

ಸಭೆಯಲ್ಲಿ ಪಕ್ಕದಲ್ಲಿರಿ

ಲಿಂಕ್ ಕಳಿಸಿ ಕೈತೊಳೆದುಕೊಳ್ಳಬೇಡಿ. ಸಭೆ ನಡೆಯುವಷ್ಟು ಹೊತ್ತೂ ವಾಟ್ಸ್ಆ್ಯಪ್‌ನಲ್ಲಿ ಜೊತೆಗಿರಿ. "ಈಗ ಮಾತಾಡಿದವರು ಡೊಮೇನ್ ಮಾರುವ ರಿಜಿಸ್ಟ್ರಾರ್ ಕಡೆಯವರು, ಅದಕ್ಕೇ ಹಾಗಂದ್ರು", "ಇದು ಹಳೇ ದ್ವೇಷ, ತಲೆ ಕೆಡಿಸ್ಕೋಬೇಡ" ಅನ್ನುವ ಎರಡು ಸಾಲಿನ ಟಿಪ್ಪಣಿಗಳಿಗೆ ಒಂದು ಕೋರ್ಸಿನಷ್ಟು ಬೆಲೆ. ಸಭೆಗೆ ಮೊದಲು ಹತ್ತು ನಿಮಿಷ, ಮುಗಿದ ಮೇಲೆ ಹತ್ತು ನಿಮಿಷ ಮಾತಾಡಿ. ಅದಕ್ಕೂ ಸಮಯವಿಲ್ಲ ಅಂದರೆ ಆ ತಿಂಗಳು ಹೊಸಬರನ್ನು ಒಪ್ಪಿಕೊಳ್ಳದಿರುವುದೇ ಪ್ರಾಮಾಣಿಕತೆ.

ಮೊದಲ ಪಾತ್ರವಾಗಿ ಟಿಪ್ಪಣಿ ಬರೆಯುವ ಕೆಲಸ ಕೊಡಿಸಿ. ಐಇಟಿಎಫ್‌ನ ಯಾವ ಸಭೆಗೆ ಹೋದರೂ ಆರಂಭದಲ್ಲಿ "ನೋಟ್ಸ್ ಯಾರು ತಗೊಳ್ತೀರಿ?" ಅಂತ ಛೇರ್ (ಸಭೆ ನಡೆಸುವವರು) ಕೇಳುತ್ತಾರೆ, ಎಲ್ಲರೂ ಮೇಜು ನೋಡುತ್ತಾರೆ. ಅಲ್ಲಿ ಕೈ ಎತ್ತಿದವರ ಹೆಸರು ಛೇರ್‌ಗೆ ಅವತ್ತೇ ನೆನಪಾಗುತ್ತದೆ. ಮಾತಾಡಿದವರು ಏನೆಂದರು ಎಂದು ಕೇಳಿ ಖಚಿತಪಡಿಸಿಕೊಳ್ಳಲು ಇದೊಂದು ನೆಪವೂ ಆಗುತ್ತದೆ. ಒಂದೇ ಎಚ್ಚರ: ಟಿಪ್ಪಣಿಯ ಕೆಲಸ ಪ್ರತಿಸಲ ಹೆಣ್ಣುಮಕ್ಕಳ ತಲೆಗೇ ಬರುತ್ತಿದ್ದರೆ ನೀವೇ ಎದ್ದು "ಇವತ್ತು ನಾನು ಬರೀತೀನಿ" ಅನ್ನಿ.

ಮೊದಲ ಸಲ ಮೈಕ್ ಹಿಡಿಯುವುದಕ್ಕೆ ಒಂದು ಅಚ್ಚು ಮಾಡಿಕೊಡಿ: ಹೆಸರು, ಎಲ್ಲಿಂದ ಅನ್ನುವುದು, ಒಂದೇ ಅಂಶ, ಥ್ಯಾಂಕ್ಸ್. ಮೂವತ್ತು ಸೆಕೆಂಡು. ಪೀಠಿಕೆ ಬೇಡ, "ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ" ಬೇಡ. ಇಂಗ್ಲಿಷಿನ ಭಯ ಇರುವವರಿಗೆ ಸತ್ಯವನ್ನೇ ಹೇಳಿ. ಐಕ್ಯಾನ್‌ನ ದೊಡ್ಡ ಸಭೆಗಳಲ್ಲಿ ವಿಶ್ವಸಂಸ್ಥೆಯ ಆರು ಭಾಷೆಗಳಿಗೆ ದುಭಾಷಿಗಳಿರುತ್ತಾರೆ. ಅದರಲ್ಲಿ ಕನ್ನಡವೂ ಇಲ್ಲ, ಹಿಂದಿಯೂ ಇಲ್ಲ. ಹಾಗಾಗಿ ಇಂಗ್ಲಿಷೇ ಗತಿ. ಆದರೆ ಅಲ್ಲಿ ಮಾತಾಡುವ ಜಪಾನಿಯರ, ಬ್ರೆಜಿಲ್‌ನವರ ಇಂಗ್ಲಿಷನ್ನು ಒಂದು ವಾರ ಕೇಳಿಸಿದರೆ ನಮ್ಮವರ ಅರ್ಧ ಭಯ ಹೋಗುತ್ತದೆ.

"ಸರ್" ಅನ್ನುವ ರೋಗದ ಬಗ್ಗೆಯೂ ಒಂದು ಮಾತು. ಬಿಳಿಗೂದಲಿನ, ಪ್ರೋಟೊಕಾಲ್ ಬರೆದ ಮನುಷ್ಯನನ್ನು ಬರೀ ಹೆಸರು ಹಿಡಿದು ಕರೆಯುವುದು ನಮ್ಮ ಹುಡುಗರ ಬಾಯಿಗೆ ಬರುವುದೇ ಇಲ್ಲ. ಬಾಯಿಗೆ ಬಾರದಿದ್ದರೆ ಅವರ ಮಾತು ತಪ್ಪು ಅನ್ನುವುದೂ ಬರುವುದಿಲ್ಲ, ತೊಂದರೆ ಇರುವುದು ಅಲ್ಲೇ. ನಾನು ಹೊಸಬರಿಗೆ ಹೇಳುವುದಿಷ್ಟು: ನನ್ನನ್ನು ಫೋನಿನಲ್ಲಿ ಸರ್ ಅನ್ನು, ಅಣ್ಣ ಅನ್ನು, ಏನಾದರೂ ಅನ್ನು. ಸಭೆಯೊಳಗೆ ಎಲ್ಲರಿಗೂ ಹೆಸರೇ, ನನಗೂ ಹೆಸರೇ. ಹುಬ್ಬಳ್ಳಿಯ ಹುಡುಗಿಗೆ ಇದು ರೂಢಿಯಾಗಲು ನಾಲ್ಕು ಸಭೆ ಹಿಡಿಯಿತು.

ಗಡಿಯಾರದ ಲೆಕ್ಕವನ್ನೂ ಮೊದಲೇ ಹೇಳಿ. ಸಭೆಯ ಪತ್ರದಲ್ಲಿ 20:00 ಯುಟಿಸಿ (ಅಂತರರಾಷ್ಟ್ರೀಯ ಮಾನಕ ಸಮಯ) ಅಂತಿದ್ದರೆ ನಮಗದು ರಾತ್ರಿ ಒಂದೂವರೆ. ಅಮೆರಿಕದವರು ಮಾರ್ಚ್ ಮತ್ತು ನವೆಂಬರಿನಲ್ಲಿ ಗಡಿಯಾರ ತಿರುಗಿಸಿದಾಗ ಅಲ್ಲಿನ ಸಮಯಕ್ಕೆ ಅಂಟಿಕೊಂಡ ಸಭೆಗಳು ನಮಗೆ ಒಂದು ಗಂಟೆ ಆಚೀಚೆ ಆಗುತ್ತವೆ. ಪಿಜಿಯಲ್ಲಿ ನಾಲ್ವರ ಕೋಣೆಯಲ್ಲಿರುವವರು, ಮನೆಯಲ್ಲಿ ಕೂಸಿರುವವರು ಆ ಹೊತ್ತಿಗೆ ಮೈಕ್ ಆನ್ ಮಾಡಲಾರರು. ಅವರಿಗೆ ಧ್ವನಿಮುದ್ರಿಕೆ ಕೇಳಿ ಲಿಖಿತವಾಗಿ ಪ್ರತಿಕ್ರಿಯಿಸುವ ದಾರಿ ತೋರಿಸಿ. ಐಇಟಿಎಫ್‌ನಲ್ಲಂತೂ ಕೋಣೆಯಲ್ಲಿ ಏನೇ ಆದರೂ ಅಂತಿಮ ಮಾತು ಮೇಲಿಂಗ್ ಲಿಸ್ಟಿನದೇ (ಗುಂಪಿನವರೆಲ್ಲ ಇಮೇಲಿನಲ್ಲಿ ಚರ್ಚಿಸುವ ಜಾಗ), ಹಾಗಾಗಿ ನಿದ್ದೆಗೆಟ್ಟವರಿಗೆ ವಿಶೇಷ ಲಾಭವೇನಿಲ್ಲ.

ಮೊದಲ ಪತ್ರ

ಮೇಲಿಂಗ್ ಲಿಸ್ಟಿಗೆ ಹೋಗುವ ಮೊದಲ ಪತ್ರವನ್ನು ನೀವು ಬರೆದುಕೊಡಬೇಡಿ. ತಿದ್ದುವಾಗಲೂ ಎರಡೇ ಕಡೆ ಕೈಹಾಕಿ: ತಪ್ಪು ಮಾಹಿತಿ, ಮತ್ತು ಅಡಗಿ ಕೂತ ಮುಖ್ಯ ಮಾತು. ನಮ್ಮವರ ಪತ್ರದಲ್ಲಿ ಮುಖ್ಯ ಮಾತು ಸಾಮಾನ್ಯವಾಗಿ ನಾಲ್ಕನೇ ಪ್ಯಾರಾದಲ್ಲಿ, ಕ್ಷಮೆ ಕೇಳಿದ ಮೇಲೆ ಬರುತ್ತದೆ. ಅದನ್ನು ಮೇಲಕ್ಕೆ ತರಿಸಿ. ಉಳಿದ ಭಾಷೆ ಒರಟಾಗಿದ್ದರೆ ಇರಲಿ.

ಮೂರು ಜನ ಒಪ್ಪಿದ್ದಕ್ಕೆ ನಾಲ್ಕನೆಯವರಾಗಿ "ನಾನೂ ಒಪ್ಪುತ್ತೇನೆ" ಅಂತ ಬರೆಯುವ ಚಟವನ್ನು ಮೊದಲೇ ಬಿಡಿಸಿ. ಐಇಟಿಎಫ್‌ನಲ್ಲಿ ಸಹಮತ ಅಂದರೆ ತಲೆ ಎಣಿಕೆಯಲ್ಲ. ಎತ್ತಿದ ಆಕ್ಷೇಪಕ್ಕೆ ಉತ್ತರ ಸಿಕ್ಕಿದೆಯೇ ಅನ್ನುವುದು ಮುಖ್ಯ, ನೂರು ಜನ ಒಪ್ಪಿದರೂ ಒಬ್ಬರ ಗಟ್ಟಿ ಆಕ್ಷೇಪ ಉಳಿದಿದ್ದರೆ ಕೆಲಸ ಮುಗಿದಿಲ್ಲ. 2014ರ ಆರ್‌ಎಫ್‌ಸಿ 7282 ಎಂಬ ಐಇಟಿಎಫ್ ದಾಖಲೆ ಇದನ್ನೇ ಬಿಡಿಸಿ ಹೇಳುತ್ತದೆ. ಕೋಣೆಯಲ್ಲಿ ಕೈ ಎತ್ತಿಸುವ ಬದಲು ಎಲ್ಲರೂ ಬಾಯಿ ಮುಚ್ಚಿ "ಹ್ಮ್" ಅನ್ನುವ ವಿಚಿತ್ರ ಪದ್ಧತಿಯ ಹಿಂದಿನ ತರ್ಕವೂ ಅದರಲ್ಲಿದೆ. ಸುಮಾರು ಇಪ್ಪತ್ತು ಪುಟದ ಬರಹ, ಹೊಸಬರಿಂದ ಓದಿಸಲೇಬೇಕಾದದ್ದು.

ಆಮೇಲೆ ಬರುವುದು ಮೌನ. ಪತ್ರ ಹೋಗುತ್ತದೆ, ಒಂದು ದಿನ, ಎರಡು ದಿನ, ಒಂದು ವಾರ, ಯಾರೂ ಏನೂ ಅನ್ನುವುದಿಲ್ಲ. ಹೊಸಬರು ಬಿಟ್ಟುಹೋಗುವುದು ಬೈಗುಳಕ್ಕಲ್ಲ, ಈ ಮೌನಕ್ಕೆ. ನಾನು ಮುಂಚೆಯೇ ಹೇಳಿಟ್ಟಿರುತ್ತೇನೆ: ನನ್ನ ಮೊದಲ ಮೂರು ಪತ್ರಗಳಿಗೂ ಒಂದು ಉತ್ತರವೂ ಬಂದಿರಲಿಲ್ಲ. ವಾರ ಕಳೆದರೂ ಸದ್ದಿಲ್ಲದಿದ್ದರೆ ಛೇರ್‌ಗೆ ಎರಡು ಸಾಲು ಬರೆದು, ಇದು ಕಾರ್ಯಸೂಚಿಯಲ್ಲಿ ಎಲ್ಲಿ ಬರುತ್ತದೆ ಅಂತ ಕೇಳಿಸಿ. ಪತ್ರದಲ್ಲಿ ನಿಜವಾಗಿ ಹುರುಳಿದ್ದರೆ ನೀವೇ ಒಂದು ಪ್ರಶ್ನೆ ಎತ್ತಿ ಅದನ್ನು ಮುಂದೆ ತಳ್ಳಬಹುದು. ಬರೀ "ಚೆನ್ನಾಗಿದೆ" ಅನ್ನುವ ಬೆಂಬಲ ಮಾತ್ರ ಬೇಡ, ಅದು ಎಲ್ಲರಿಗೂ ಗೊತ್ತಾಗುತ್ತದೆ.

ಫೆಲೋಶಿಪ್, ಪಾಸ್‌ಪೋರ್ಟ್, ಚಟ್ನಿಪುಡಿ

ಐಕ್ಯಾನ್ ಫೆಲೋಶಿಪ್ 2007ರಿಂದ ನಡೆಯುತ್ತಿದೆ. ಆಯ್ಕೆಯಾದವರಿಗೆ ವಿಮಾನ, ಹೋಟೆಲು, ಖರ್ಚಿಗೆ ಒಂದಿಷ್ಟು ದುಡ್ಡು ಸಿಗುತ್ತದೆ. ಒಬ್ಬರಿಗೆ ಹೆಚ್ಚೆಂದರೆ ಮೂರು ಸಲ. ಎಪಿನಿಕ್, ಐಜಿಎಫ್ ಕಡೆಯಲ್ಲೂ ಇಂಥವಿವೆ. ಇದನ್ನು ಮೊದಲ ದಿನವೇ ಹೇಳಿದರೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ. ಅರ್ಜಿಯ ಮೇಲೆ ಅರ್ಜಿ ಹಾಕುತ್ತ ಊರೂರು ಸುತ್ತಿ, ಫೋಟೊ ಹಾಕಿ, ಒಂದು ಸಾಲೂ ಬರೆಯದೆ ಮರಳಿದವರನ್ನು ಬೇಕಾದಷ್ಟು ನೋಡಿದ್ದೇವೆ. ಹತ್ತು ಸ್ಕ್ರೀನ್‌ಶಾಟ್, ಒಂದು ಪತ್ರ, ಒಂದು ಸಭೆಯ ಟಿಪ್ಪಣಿ ಕೈಯಲ್ಲಿದ್ದಾಗ ಅರ್ಜಿ ತಾನೇ ಬರೆದುಕೊಳ್ಳುತ್ತದೆ.

ಪಾಸ್‌ಪೋರ್ಟ್ ಮಾತ್ರ ಈಗಲೇ ಮಾಡಿಸಲು ಹೇಳಿ. ಆಯ್ಕೆಯ ಪತ್ರ ಬಂದ ಮೇಲೆ ಪಾಸ್‌ಪೋರ್ಟ್‌ಗೆ ಓಡಿ, ಅಲ್ಲಿಂದ ವೀಸಾಕ್ಕೆ ಓಡಿ, ಸಭೆ ಮುಗಿದ ಮೇಲೆ ವೀಸಾ ಬಂದ ಉದಾಹರಣೆ ನನ್ನ ಕಣ್ಣ ಮುಂದೆಯೇ ಇದೆ. ಆಫೀಸಿನಲ್ಲಿ ರಜೆಗೆ ಬಾಸ್ ಒಪ್ಪಬೇಕಾದರೆ "ಕಾನ್ಫರೆನ್ಸ್" ಅನ್ನಬೇಡಿ. "ನಮ್ಮ ವಿಳಾಸ ಹಂಚಿಕೆಯ ನಿಯಮ ಅಲ್ಲಿ ಚರ್ಚೆಗಿದೆ" ಅಂತ ಒಂದು ಪುಟ ಬರೆದುಕೊಡಲು ಹೇಳಿ. ವಿದೇಶ ದೂರವೆನಿಸಿದರೆ ಹತ್ತಿರದಲ್ಲೇ ಬಾಗಿಲಿದೆ: 2021ರಿಂದ ಇಂಡಿಯಾ ಐಜಿಎಫ್ ನಡೆಯುತ್ತಿದೆ, 2016ರಿಂದ ಇಂಡಿಯಾ ಸ್ಕೂಲ್ ಆನ್ ಇಂಟರ್ನೆಟ್ ಗವರ್ನೆನ್ಸ್ ಇದೆ.

ಅಲ್ಲಿಗೆ ಹೋದಾಗ ಮೂವತ್ತು ಜನರಿಗೆ ಕೈಕುಲುಕಿಸಬೇಡಿ. ಮೂವರು ಸಾಕು. ಅವರಲ್ಲೊಬ್ಬರು ಹೊಸಬರ ವಯಸ್ಸಿನವರೇ ಆಗಿರಲಿ, ಅವರ ಜೊತೆ ಊಟಕ್ಕೆ ಕೂರಬಹುದು. ಊಟ ಅಂದಾಗ ನೆನಪಾಯಿತು, ಸಸ್ಯಾಹಾರಿಗಳಾದರೆ ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೋಗಲಿ. ಮೂರನೇ ದಿನ ಹಸಿದ ಹೊಟ್ಟೆಯಲ್ಲಿ ಯಾರೂ ಮೈಕಿನತ್ತ ಹೋಗುವುದಿಲ್ಲ.

ಎಡವುವ ಜಾಗಗಳು

ಉತ್ಸವಮೂರ್ತಿ ಮಾಡಬೇಡಿ. "ಯುವಜನರ ಪ್ರತಿನಿಧಿ" ಅಂತ ವೇದಿಕೆ ಹತ್ತಿಸಿ, ಎರಡು ನಿಮಿಷ ಮಾತಾಡಿಸಿ, ಫೋಟೊ ತೆಗೆಸಿ ಇಳಿಸುವುದು ಈ ವಲಯದಲ್ಲಿ ಬಹಳ ನಡೆಯುತ್ತದೆ. ಅಂಥ ಆಹ್ವಾನ ಬಂದರೆ ವಿಷಯ ಏನು, ಪ್ರಶ್ನೋತ್ತರ ಇದೆಯೇ ಅಂತ ಕೇಳಲು ಹೊಸಬರಿಗೆ ಕಲಿಸಿ.

ನಿಮ್ಮ ಜಗಳಕ್ಕೆ ಅವರನ್ನು ಕಾಲಾಳು ಮಾಡಬೇಡಿ. ನೀವು ಯಾರ ಸಂಬಳ ತಿನ್ನುತ್ತೀರಿ, ಯಾವ ನಿರ್ಧಾರದಿಂದ ನಿಮಗೆ ಲಾಭ ಅನ್ನುವುದನ್ನು ಮೊದಲ ತಿಂಗಳೇ ಹೇಳಿಬಿಡಿ. ಐಕ್ಯಾನ್‌ನ ವರ್ಕಿಂಗ್ ಗ್ರೂಪುಗಳಲ್ಲಿ ಹಿತಾಸಕ್ತಿಯ ಹೇಳಿಕೆ ಸಲ್ಲಿಸಬೇಕು. ಹೊಸಬರು ತಮ್ಮದನ್ನು ತುಂಬುವಾಗ ನಿಮ್ಮದನ್ನೂ ತೆರೆದು ತೋರಿಸಿ.

ಕಿರುಕುಳ. ರಾತ್ರಿಯ ಪಾರ್ಟಿಗಳು, ಹೋಟೆಲಿನ ಲಾಬಿ, "ನಿನಗೆ ಮುಂದೆ ಅವಕಾಶ ಕೊಡಿಸ್ತೀನಿ" ಅನ್ನುವ ಹಿರಿಯರು ಇಲ್ಲೂ ಇದ್ದಾರೆ. ಐಕ್ಯಾನ್‌ನಲ್ಲಿ ದೂರು ಕೇಳುವ ಓಂಬುಡ್ಸ್ ಕಚೇರಿ ಇದೆ, ಐಇಟಿಎಫ್‌ನಲ್ಲಿ ಇದಕ್ಕೆಂದೇ ಓಂಬುಡ್ಸ್‌ಟೀಮ್ ಇದೆ. ಅವರನ್ನು ಸಂಪರ್ಕಿಸುವುದು ಹೇಗೆ ಅನ್ನುವುದನ್ನು ಹೊರಡುವ ಮುಂಚೆ ಕೂತು ತೋರಿಸಿ. ಏನಾದರೂ ಆಗಿ ನಿಮ್ಮ ಹತ್ತಿರ ಬಂದರೆ "ಅವರು ಒಳ್ಳೆಯವರು, ನೀನು ತಪ್ಪು ತಿಳಿದಿರಬೇಕು" ಅನ್ನುವ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. ಕೇಳಿಸಿಕೊಳ್ಳಿ, ಮುಂದಿನ ಹೆಜ್ಜೆ ಅವರೇ ನಿರ್ಧರಿಸಲಿ.

ಯಾವಾಗ ಸರಿಯಬೇಕು

ಶುರುವಿನಲ್ಲೇ ದಿನಾಂಕ ಹಾಕಿಕೊಳ್ಳಿ. ನಾನು ಒಂಬತ್ತು ತಿಂಗಳು ಅನ್ನುತ್ತೇನೆ. ಆ ಹೊತ್ತಿಗೆ ವಾಟ್ಸ್ಆ್ಯಪ್ ಟಿಪ್ಪಣಿ ನಿಲ್ಲಿಸಿ. ಅವರ ಕರಡನ್ನು ನೋಡುವುದಿಲ್ಲ ಅನ್ನಿ, ಮೊದಲು ಬೇಜಾರಾಗುತ್ತದೆ, ಆಗಲಿ. ಹುಬ್ಬಳ್ಳಿಯ ಹುಡುಗಿ ಹತ್ತನೇ ತಿಂಗಳಲ್ಲಿ ನಾನು ಬೆಂಬಲಿಸಿದ್ದ ಒಂದು ಪ್ರಸ್ತಾಪವನ್ನು ಲಿಸ್ಟಿನಲ್ಲಿ ವಿರೋಧಿಸಿ ಬರೆದಳು. ನನ್ನನ್ನು ಹೆಸರು ಹಿಡಿದೇ ಕರೆದಿದ್ದಳು. ನನಗೆ ಸ್ವಲ್ಪ ಉರಿಯಿತು, ಸುಳ್ಳು ಹೇಳುವುದಿಲ್ಲ. ಅರ್ಧ ಗಂಟೆ ಬಿಟ್ಟು ಫೋನ್ ಬಂತು: "ಸರ್, ಬೇಜಾರಾದ್ರೇನ್ರಿ?"

ಬಿಟ್ಟುಹೋದವರನ್ನೂ ಪಟ್ಟಿಯಿಂದ ಅಳಿಸಬೇಡಿ. ಹಾಸನದ ಕಡೆಯ ಹುಡುಗನೊಬ್ಬ ಮೂರು ಸಭೆಗೆ ಬಂದು ನಾಪತ್ತೆಯಾಗಿದ್ದ. ಎರಡು ವರ್ಷ ಬಿಟ್ಟು ಕಳೆದ ತಿಂಗಳು ರಾತ್ರಿ ಹತ್ತಕ್ಕೆ ಮೆಸೇಜು: "ಅಣ್ಣಾ, ನಮ್ ಅರ್ಧ ಗಿರಾಕಿಗಳಿಗೆ ಕೆಲವು ಸೈಟ್ ಓಪನ್ ಆಗ್ತಿಲ್ಲ." ನೋಡಿದರೆ ಅವರ ಕಂಪನಿಯ 512 ವಿಳಾಸಗಳ ಗುಂಪಿಗೆ (ಇದನ್ನು ಸ್ಲ್ಯಾಶ್ 23 ಅನ್ನುತ್ತಾರೆ) ರೋವಾ, ಅಂದರೆ ಈ ವಿಳಾಸಗಳನ್ನು ಯಾವ ನೆಟ್‌ವರ್ಕ್ ಘೋಷಿಸಬಹುದು ಅನ್ನುವ ಅಧಿಕೃತ ದಾಖಲೆ, ಮಾಡಿಸಿದ್ದರು. ಗರಿಷ್ಠ ಉದ್ದವನ್ನೂ 23 ಅಂತಲೇ ಹಾಕಿದ್ದರು, ಅಂದರೆ ಅದಕ್ಕಿಂತ ಸಣ್ಣ ತುಂಡನ್ನು ಬೇರೆಯಾಗಿ ಘೋಷಿಸುವಂತಿಲ್ಲ. ಆಮೇಲೆ ಯಾರೋ ಅದರ ಅರ್ಧವನ್ನು, 256 ವಿಳಾಸದ ಒಂದು ಸ್ಲ್ಯಾಶ್ 24 ಮಾಡಿ, ಇನ್ನೊಂದು ಅಪ್‌ಸ್ಟ್ರೀಮ್‌ಗೆ (ಅವರಿಗೆ ಸಂಪರ್ಕ ಕೊಡುವ ದೊಡ್ಡ ಕಂಪನಿ) ಘೋಷಿಸಲು ಶುರುಮಾಡಿದ್ದರು. ಪ್ರಪಂಚದ ಯಾವ ರೂಟರು ರೋವಾ ನೋಡುತ್ತದೋ ಅದೆಲ್ಲ ಆ ಘೋಷಣೆಯನ್ನು ಅಸಿಂಧು ಅಂತ ಎಸೆಯುತ್ತಿತ್ತು. ಆ 24ಕ್ಕೆ ಬೇರೆಯೇ ಒಂದು ರೋವಾ ಮಾಡಿಸಿದೆವು, ಹನ್ನೊಂದೂವರೆಗೆ ಸೈಟುಗಳು ತೆರೆದುಕೊಂಡವು. "ಈ ರೂಲು ಯಾರ್ ಮಾಡ್ತಾರಣ್ಣಾ?" ಅಂತ ಕೇಳಿದ. ಮುಂದಿನ ಎಪಿನಿಕ್ ಪಾಲಿಸಿ ಸಭೆಯ ಲಿಂಕ್ ಕಳಿಸಿದ್ದೇನೆ. ಎರಡು ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.